ಜುಲೈಕಾಳ ಹೆಸರಿನಲ್ಲಿ

ಶಾರ್ಜಾ
18-1-1998

ಪ್ರೀತಿಯ ಉಮ್ಮನಿಗೆ ಜಸೀಲಾಳ ಸಲಾಂ.

ಮೊನ್ನೆ ಫೋನಿನಲ್ಲಿ ನೀವು ಕೇಳುತ್ತಲೇ ಇದ್ದಿರಿ, ನಾನು ಬರೀ ಅತ್ತೆ. ಮೂರು ನಿಮಿಷದ ದುಡ್ಡು ಅಳುವುದರಲ್ಲೇ ಹೋಯಿತು. ಹಾಗಾಗಿ ಬರೆಯುತ್ತಿದ್ದೇನೆ. ಹೌದು ಉಮ್ಮ, ನನಗೆ ನಾಲ್ಕನೇ ತಿಂಗಳು. ಹನ್ನೊಂದು ಉಪವಾಸ ಹಿಡಿದೆ, ಆಮೇಲೆ ನಿಝಾಮ್ ಬಿಡಿಸಿದರು.

ಇಲ್ಲಿ ಹೆರಿಗೆ ಹೇಗೆಂಬುದೇ ಚಿಂತೆ. ನಾನು ಬಂದದ್ದು ನಿಝಾಮ್‌ರ ಹೆಂಡತಿಯಾಗಿ, ಆದರೆ ಕಾಗದದಲ್ಲಿ ಹಾಗಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳುವಷ್ಟು ಸಂಬಳ ಅವರಿಗಿಲ್ಲ ಎಂದು ಅಂಗಡಿಯ ಅರಬಿ ತನ್ನ ಮನೆಗೆಲಸದವಳು ಎಂದು ನನಗೆ ವೀಸಾ ಮಾಡಿಸಿಕೊಟ್ಟಿದ್ದಾನೆ. ಆಗ ಎಲ್ಲರೂ ಅವನನ್ನು ಹೊಗಳಿದ್ದರು. ಈಗ ಆ ಮನೆಗೆಲಸದವಳು ಬಸುರಿಯಾಗಿ ಸರಕಾರಿ ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರಂತೆ. ನಿಝಾಮ್ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೇಳಿ ಬಂದರು. ಹೆರಿಗೆಗೆ ಐದು ಸಾವಿರ ದಿರ್ಹಮ್, ಅದರಲ್ಲಿ ಎರಡು ಸಾವಿರ ಮೊದಲೇ ಕಟ್ಟಬೇಕು. ಅವರ ಸಂಬಳ ಒಂಬೈನೂರು. ದುಡ್ಡು ಹೇಗಾದರೂ ಹೊಂದಿಸಿದರೂ ಅಲ್ಲಿಯೂ ವೀಸಾ ನೋಡುತ್ತಾರೆ.

ಅವರ ಅಣ್ಣ ಹನೀಫಾ ಭಾವನ ಫ್ಲ್ಯಾಟಿನಲ್ಲೇ ನಾವಿರುವುದು ನಿಮಗೆ ಗೊತ್ತುಂಟಲ್ಲ. ಭಾವನ ಹೆಂಡತಿ ಜುಲೈಕಾ ಅಕ್ಕನಿಗೆ ಸರಕಾರದ ಹೆಲ್ತ್ ಕಾರ್ಡು ಉಂಟು. ಕಾರ್ಡಿದ್ದವರಿಗೆ ಹೆರಿಗೆ ಹೆಚ್ಚುಕಡಿಮೆ ಪುಕ್ಕಟೆ. ಅವರ ಕಾರ್ಡಿನಲ್ಲಿ ನನ್ನನ್ನು ತೋರಿಸುವುದೆಂದು ಭಾವ ತೀರ್ಮಾನ ಮಾಡಿದ್ದಾರೆ. ಕಾರ್ಡಿನ ಫೋಟೋ ಎಂಟು ವರ್ಷ ಹಿಂದಿನದು, ಅಕ್ಕ ಮದುವೆಯಾದ ಹೊಸತರದ್ದು. ತಲೆಗೆ ಬಟ್ಟೆ ಸುತ್ತಿಕೊಂಡರೆ ನಾನೇ ಎನ್ನಬಹುದು. ಅಕ್ಕ ಒಳಗೆ ಹೋಗಿ ಕಾರ್ಡು ತಂದು ನನ್ನ ಕೈಯಲ್ಲಿ ಇಟ್ಟರು.

ಇದು ಸರಿಯಾ ಉಮ್ಮ? ಬೇಗ ಬರೆಯಿರಿ.

ನಿಮ್ಮ
ಜಸೀಲಾ


ನರಿಕೊಂಬು
2-2-1998

ಮಗಳು ಜಸೀಲಾಳಿಗೆ,

ಪತ್ರ ಪೆರ್ನಾಲ್ ಹಬ್ಬ ಕಳೆದ ಮೇಲೆ ಮುಟ್ಟಿತು. ನಿನ್ನ ಉಪ್ಪ ಮೀನಿನ ಕೆಲಸ ಮುಗಿಸಿ ಬಂದು ಎರಡು ಸಲ ಓದಿಸಿಕೊಂಡರು. ಓದು ಬಾರದವರ ಮುಖ ನೋಡಬೇಕಿತ್ತು, ಪತ್ರವನ್ನು ತಾವೇ ಬರೆದವರ ಹಾಗೆ ಬೀಗುತ್ತಿದ್ದರು.

ಮೊದಲು ನನ್ನ ಸಿಟ್ಟು ಹೇಳುತ್ತೇನೆ. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಿ. ಏಳನೇ ತಿಂಗಳಲ್ಲಿ ನಾವು ಬಂದು ಕರೆದುಕೊಂಡು ಬರುವುದು, ನಲ್ವತ್ತು ದಿನ ನಾನು ನೀರು ಹಾಕುವುದು. ಇದು ನನ್ನ ಹಕ್ಕು. ಅಲ್ಲೇ ಹೆರುವುದು ಎಂದು ತೀರ್ಮಾನ ಮಾಡಿದವರು ಯಾರು? ನಿಝಾಮನಾ? ಅವನಿಗೆ ಹೇಳು, ಉಮ್ಮನಿಗೆ ಬೇಸರವಾಗಿದೆ ಎಂದು.

ಇನ್ನು ಕಾರ್ಡಿನ ಮಾತು. ಅದಕ್ಕೆ ಯಾಕೆ ಅಷ್ಟು ಹೆದರಿಕೆ? ನಮ್ಮ ಬೀಡಿಯ ಕಾರ್ಡು ನೀನು ಹುಟ್ಟಿದಾಗಿನಿಂದ ನೋಡಿದ್ದೀ. ಹೆಸರು ಬೀಪಾತುಮ್ಮ, ಕಟ್ಟುವ ಕೈ ಎಷ್ಟೋ. ನೆರೆಮನೆಯ ಪದ್ಮಾಕ್ಷಿ ಹನ್ನೆರಡು ವರ್ಷ ನಮ್ಮ ಜಗಲಿಯಲ್ಲಿ ಕೂತು ನನ್ನ ಕಾರ್ಡಿನಲ್ಲೇ ಕಟ್ಟಿದಳು. ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರಿಗೂ ಗೊತ್ತು, ಊರಿಗೂ ಗೊತ್ತು. ಕಾಗದಕ್ಕೆ ಒಂದು ಹೆಸರು ಬೇಕು, ಅಷ್ಟೆ. ಜುಲೈಕಾ ಒಳ್ಳೆಯ ಹುಡುಗಿ. ಪುತ್ತಿಗೆಯ ಅವಳ ಮನೆಯವರನ್ನು ಮೂಡುಬಿದಿರೆಯ ಮದುವೆಯೊಂದರಲ್ಲಿ ನೋಡಿದ್ದೇನೆ, ಮರ್ಯಾದಸ್ಥರು. ಎಂಟು ವರ್ಷದಿಂದ ಮಕ್ಕಳಿಲ್ಲದಿದ್ದರೂ ನಿನ್ನ ಮೇಲೆ ಹೊಟ್ಟೆಕಿಚ್ಚು ಪಡದೆ ಕಾರ್ಡು ಕೊಟ್ಟಳಲ್ಲ, ಅವಳಿಗೆ ನನ್ನ ದುವಾ ಹೇಳು.

ಹುಳಿ ತಿನ್ನು, ಆದರೆ ಮಿತಿಯಲ್ಲಿ.

ನಿನ್ನ ಉಮ್ಮ


ಶಾರ್ಜಾ
27-2-1998

ಪ್ರೀತಿಯ ಉಮ್ಮನಿಗೆ,

ನಿಮ್ಮ ಪತ್ರ ಓದಿ ಧೈರ್ಯ ಬಂದಿತ್ತು. ಈಗ ಎರಡು ಸಲ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ ಬಂದೆ. ನಿಝಾಮ್ ಬರುವ ಹಾಗಿಲ್ಲ, ಯಾಕೆಂದರೆ ಕಡತದಲ್ಲಿ ಗಂಡ ಹನೀಫಾ. ಅಕ್ಕನೂ ಭಾವನೂ ನನ್ನ ಜೊತೆ ಬರುತ್ತಾರೆ. ನರ್ಸ್ ‘ಜುಲೈಕಾ’ ಎಂದು ಕೂಗಿದಾಗ ಮೊದಲ ಸಲ ನಾವಿಬ್ಬರೂ ಎದ್ದು ನಿಂತೆವು. ಅಕ್ಕ ಮೆಲ್ಲನೆ ಕೂತರು.

ಎರಡನೇ ಸಲ ದೊಡ್ಡ ಡಾಕ್ಟರಮ್ಮ ಹಳೆಯ ಹಾಳೆಗಳನ್ನೆಲ್ಲ ತಿರುವಿ ನೋಡಿ, ‘ಹಿಂದೆ ಎರಡು ಸಲ ಹೋಗಿದೆ, ಐದನೇ ತಿಂಗಳಲ್ಲಿ. ಅಲ್ಲವಾ?’ ಎಂದು ಕೇಳಿದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಹೌದು ಎಂದೆ. ಎಷ್ಟು ದಿನ ರಕ್ತ ಹೋಯಿತು ಎಂದು ಕೇಳಿದರು. ಅದಕ್ಕೂ ಏನೋ ಒಂದು ಹೇಳಿದೆ.

ಉಮ್ಮ, ಅಕ್ಕನಿಗೆ ಎರಡು ಮಕ್ಕಳು ಹೋದದ್ದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಬಂಜೆ ಬಂಜೆ ಎಂದು ನಮ್ಮ ಅತ್ತೆಯೇ ಅವರ ಎದುರು ಆಡುತ್ತಿದ್ದರು. ಅಕ್ಕ ಒಂದು ಮಾತು ತಿರುಗಿ ಹೇಳಿದವರಲ್ಲ.

ಆ ಹಳೆಯ ಕತೆ ನೋಡಿ ಡಾಕ್ಟರಮ್ಮ ನನಗೆ ವಾರಕ್ಕೊಂದು ಇಂಜೆಕ್ಷನ್ ಬರೆದಿದ್ದಾರೆ, ಬಸಿರು ನಿಲ್ಲುವುದಕ್ಕೆ. ನನ್ನದು ಚೆನ್ನಾಗಿಯೇ ನಿಂತಿದೆ. ಆದರೆ ಬೇಡ ಎನ್ನುವುದು ಹೇಗೆ? ಎರಡು ಚುಚ್ಚಿಸಿಕೊಂಡೆ. ಚುಚ್ಚಿದ ದಿನ ತಲೆ ತಿರುಗುತ್ತದೆ. ಡಾಕ್ಟರಮ್ಮ ಹಾಳೆ ತಿರುವಿದ ದಿನದಿಂದ ಅಕ್ಕ ಮನೆಯಲ್ಲಿ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಅಡುಗೆ ಮಾತ್ರ ನಾನು ಕೇಳಿದ್ದನ್ನೇ ಮಾಡುತ್ತಾರೆ.

ನಿಮ್ಮ
ಜಸೀಲಾ


ನರಿಕೊಂಬು
13-3-1998

ಜಸೀಲಾ,

ಅವಳ ಕಾಯಿಲೆಯ ಮದ್ದು ನಿನ್ನ ಮೈಗೆ ಚುಚ್ಚುವುದು ಯಾವ ಊರಿನ ನ್ಯಾಯ? ಪತ್ರ ಓದಿದಾಗಿನಿಂದ ನನ್ನ ಕೈ ಬೀಡಿಗೆ ಹೋಗುತ್ತಿಲ್ಲ, ಎಲೆ ಒಣಗಿ ಹೋಯಿತು. ಪಾಣೆಮಂಗಳೂರಿನ ನರ್ಸ್ ಬಾಯಿಯ ಹತ್ತಿರ ಹೋಗಿ ಕೇಳಿದೆ. ಅಪಾಯವಿಲ್ಲದೆಯೂ ಇರಬಹುದು, ಆದರೆ ಡಾಕ್ಟರಿಗೆ ಸುಳ್ಳು ಹೇಳಿ ಮದ್ದು ತೆಗೆದುಕೊಳ್ಳುವುದು ಸರಿಯಲ್ಲ ಎಂದರು. ‘ನನ್ನ ಮಗಳು ಸುಳ್ಳು ಹೇಳುವವಳಲ್ಲ’ ಎಂದು ಅವರ ಮೇಲೆ ರೇಗಿ ಬಂದೆ. ದಾರಿಯಲ್ಲಿ ನಾಚಿಕೆಯಾಯಿತು.

ಅವರು ಇನ್ನೊಂದು ಮಾತು ಕೇಳಿದರು, ಅದು ನನಗೆ ಹೊಳೆದೇ ಇರಲಿಲ್ಲ. ಮಗು ಹುಟ್ಟಿದ ಮೇಲೆ ಜನನದ ಕಾಗದದಲ್ಲಿ ತಾಯಿ ಎಂದು ಯಾರ ಹೆಸರು ಬರೆಯುತ್ತಾರೆ? ನಿಝಾಮನಲ್ಲಿ ಇವತ್ತೇ ಕೇಳು. ಹನೀಫಾನಲ್ಲಿ ಬೇಡ, ನಿಝಾಮನಲ್ಲಿ ಕೇಳು.

ಉಮ್ಮ


ಶಾರ್ಜಾ
28-3-1998

ಉಮ್ಮ,

ಕೇಳಿದೆ. ನಿಝಾಮ್ ನೆಲ ನೋಡಿಕೊಂಡು ಹೇಳಿದರು, ಕಡತದಲ್ಲಿ ಇರುವ ಹೆಸರನ್ನೇ ಬರೆಯುತ್ತಾರಂತೆ. ತಾಯಿ ಜುಲೈಕಾ, ತಂದೆ ಹನೀಫಾ. ಅವರಿಗೆ ಇದು ಮೊದಲೇ ಗೊತ್ತಿತ್ತು.

ಭಾವ ಹೇಳುವುದು ಬೇರೆ. ‘ಕಾಗದದಲ್ಲಿ ಇದ್ದರೆ ಏನಾಯಿತು? ಹಾಲು ಕೊಡುವುದು ನೀನೇ ಅಲ್ಲವಾ? ಊರಿಗೆ ಹೋದ ಮೇಲೆ ಸರಿ ಮಾಡಿಸುವ.’ ಸರಿ ಮಾಡಿಸುವುದು ಹೇಗೆ ಎಂದರೆ ‘ಆಗ ನೋಡುವ’ ಎನ್ನುತ್ತಾರೆ. ಮಗುವಿನ ಹೆಸರು ಸೇರುವುದೂ ಅಕ್ಕನ ಪಾಸ್‌ಪೋರ್ಟಿಗೆ. ನಾಳೆ ಅರಬಿ ನನ್ನ ವೀಸಾ ತೆಗೆದರೆ ನಾನೊಬ್ಬಳೇ ವಿಮಾನ ಹತ್ತಬೇಕು, ಮಗುವನ್ನು ಇಲ್ಲೇ ಬಿಟ್ಟು. ಈಗ ಆಸ್ಪತ್ರೆಯಲ್ಲಿ ನಿಜ ಹೇಳುವ ಎಂದರೆ ಭಾವನಿಗೂ ಅಕ್ಕನಿಗೂ ಜೈಲು, ನಮಗೂ ಅದೇ.

ಊರಿಗೆ ಕಳಿಸಿಬಿಡಿ ಎಂದೆ. ನಿಝಾಮ್ ಅತ್ತರು ಉಮ್ಮ. ಅವರ ಉಪ್ಪ ಅವರ ಮುಖ ಮೊದಲು ನೋಡಿದ್ದು ಅವರಿಗೆ ಮೂರು ವರ್ಷವಾದಾಗ. ಯಾರೋ ಗಲ್ಫಿನ ಮಾಮ ಬಂದಿದ್ದಾರೆಂದು ಇವರು ಬಾಗಿಲ ಹಿಂದೆ ಅಡಗಿದ್ದರಂತೆ. ತನ್ನ ಮಗು ಹಾಗೆ ಅಡಗಬಾರದು ಎಂದು ಒಂದೇ ಹಟ. ಅವರಿಗೆ ರಜೆ ಸಿಗುವುದು ಮುಂದಿನ ವರ್ಷ. ನಾನು ಹೋದರೆ ಈ ವೀಸಾವೂ ಹೋಯಿತು.

ದಿನವೂ ಉಳಿದಿಲ್ಲ. ಏಳು ತಿಂಗಳು ದಾಟಿದವರನ್ನು ಡಾಕ್ಟರ ಚೀಟಿಯಿಲ್ಲದೆ ವಿಮಾನ ಹತ್ತಿಸುವುದಿಲ್ಲ, ಎಂಟು ದಾಟಿದರೆ ಚೀಟಿಯಿದ್ದರೂ ಇಲ್ಲ. ನನ್ನ ಡಾಕ್ಟರು ಚೀಟಿ ಕೊಟ್ಟರೆ ಅದರಲ್ಲಿ ಬರೆಯುವುದು ಜುಲೈಕಾ ಎಂದು. ನನ್ನ ಪಾಸ್‌ಪೋರ್ಟು ಜಸೀಲಾಳದ್ದು.

ನಿನ್ನೆ ಅಕ್ಕ ಬಿಳಿ ಬಟ್ಟೆಯ ಸಣ್ಣ ಅಂಗಿ ಹೊಲಿಯುತ್ತಿದ್ದರು. ಹೆಣ್ಣಾದರೆ ಫಿದಾ ಎಂದು ಇಡುವ ಎಂದರು. ‘ಇಡುವ’ ಎಂದರೆ ಯಾರು ಇಡುವುದು ಎಂದು ನನ್ನ ಬಾಯಿಯ ತನಕ ಬಂದಿತ್ತು. ಕೇಳಲಿಲ್ಲ.

ಜಸೀಲಾ


ನರಿಕೊಂಬು
11-4-1998

ಮಗಳೇ,

ಈ ಪತ್ರವನ್ನು ಮಡಂತ್ಯಾರಿನ ಇಬ್ರಾಹಿಂ ಖಲೀಲ್ ಕೈಯಲ್ಲಿ ಕಳಿಸುತ್ತಿದ್ದೇನೆ. ರಜೆ ಮುಗಿಸಿ ನಾಳೆ ಹೊರಡುತ್ತಾನೆ, ಅಂಚೆಗಿಂತ ಬೇಗ ಮುಟ್ಟುತ್ತದೆ. ಅವನಿಗೆ ಗೊತ್ತಿರುವುದು ಹನೀಫಾ ಮತ್ತು ಜುಲೈಕಾ ಮಾತ್ರ, ಹನೀಫಾನ ಕೈಗೆ ಬೀಳುವುದು ಬೇಡ, ಹಾಗಾಗಿ ಲಕೋಟೆಯ ಮೇಲೆ ಜುಲೈಕಾಳ ಹೆಸರು ಹಾಕಿದ್ದೇನೆ. ಒಳಗಿನದ್ದು ನಿನಗೆ.

ಫೆಬ್ರವರಿಯಲ್ಲಿ ನಾನು ಏನು ಬರೆದೆ ಎಂದು ನೆನಪುಂಟಲ್ಲ? ಕಾಗದಕ್ಕೆ ಒಂದು ಹೆಸರು ಬೇಕು, ಅಷ್ಟೆ ಎಂದು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಬರೆದೆ.

ಪದ್ಮಾಕ್ಷಿ ಹನ್ನೆರಡು ವರ್ಷ ನನ್ನ ಕಾರ್ಡಿನಲ್ಲಿ ಕಟ್ಟಿದಳು ಎಂದೆ. ಆಮೇಲೆ ಏನಾಯಿತು ಎಂದು ಬರೆಯಲಿಲ್ಲ. ನೀನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅವಳಿಗೆ ಎದೆಯ ಕೆಮ್ಮು ಹಿಡಿಯಿತು. ಬೀಡಿಯವರಿಗೆಂದೇ ಸರಕಾರದ ದವಾಖಾನೆ ಉಂಟು, ಮದ್ದು ಪುಕ್ಕಟೆ, ಆದರೆ ಕಾರ್ಡು ಬೇಕು. ಅವಳಲ್ಲಿ ಎಲ್ಲಿಯ ಕಾರ್ಡು? ಕಾರ್ಡಿನವರು ಬರೆದುಕೊಟ್ಟರೆ ನೋಡುವ ಎಂದು ಅಲ್ಲಿಯವರು ಹೇಳಿ ಕಳಿಸಿದರಂತೆ. ಅವಳು ಜಗಲಿಗೆ ಬಂದು, ‘ಬೀಪಾತುಮ್ಮ, ನಾನು ಕಟ್ಟಿದ್ದು ಹೌದೆಂದು ಒಂದು ಗೆರೆ ಬರೆದುಕೊಡು’ ಎಂದಳು.

ಬರೆದುಕೊಟ್ಟರೆ ಒಂದು ಕಾರ್ಡಿನಲ್ಲಿ ಇಬ್ಬರು ಕಟ್ಟಿದ್ದು ಹೊರಬೀಳುತ್ತದೆ, ನನ್ನ ಕಾರ್ಡು ಹೋಗುತ್ತದೆ. ಆ ಕಾರ್ಡಿನ ಮೇಲೆ ನಿನಗೆ ಶಾಲೆಯ ವಿದ್ಯಾರ್ಥಿವೇತನ ಬರುತ್ತಿತ್ತು. ಆ ಲೆಕ್ಕ ತಲೆಯಲ್ಲಿತ್ತು. ಆದರೆ ವಾರದ ಮೇಲೆ ಅವಳು ಮತ್ತೆ ಕೇಳಿದಾಗ ನಾನು ಹೇಳಿದ್ದು ಅದನ್ನಲ್ಲ. ‘ನೀನು ಕಟ್ಟಿದ್ದಕ್ಕೆ ಬರಹ ಎಲ್ಲಿ ಉಂಟು?’ ಎಂದೆ. ಅವಳು ಕಂಬ ಹಿಡಿದುಕೊಂಡು ಕೆಮ್ಮಿದಳು. ಆಮೇಲೆ ಬೀಡಿ ಎಲೆಯ ತನ್ನ ಕತ್ತರಿ ಎತ್ತಿಕೊಂಡು ಹೋದಳು. ತಿಂಗಳೊಳಗೆ ಮಡಂತ್ಯಾರಿನಲ್ಲಿರುವ ತನ್ನ ತಮ್ಮ ಮಾಯಿಲಪ್ಪನ ಮನೆ ಸೇರಿದಳು.

ಕೇಳು ಜಸೀಲಾ. ಬರೆದುಕೊಡಬಾರದು ಎಂದು ನಾನು ಮೊದಲೇ ಯೋಚಿಸಿದವಳಲ್ಲ. ಒಂದು ವಾರ ಕೊಡುವ ಎಂದೇ ಇದ್ದೆ. ಆದರೆ ಬೀಡಿಯ ಲೆಕ್ಕ ಬರೆಯುವ ಎಲ್ಲ ಪುಸ್ತಕದಲ್ಲಿ ನನ್ನ ಹೆಸರೇ ಇತ್ತು. ನೋಡಿ ನೋಡಿ ಅವಳು ಕಟ್ಟಿದ್ದೂ ನಾನೇ ಕಟ್ಟಿದ್ದು ಎಂದು ನನಗೇ ಅನಿಸಿಬಿಟ್ಟಿತು. ಜುಲೈಕಾ ಕೆಟ್ಟವಳು ಎಂದು ನಾನು ಹೇಳುವುದಿಲ್ಲ. ಅವಳು ನನ್ನಷ್ಟೇ ಒಳ್ಳೆಯವಳು. ನನಗಿರುವ ಹೆದರಿಕೆಯೇ ಅದು.

ಮೊನ್ನೆ ಖಲೀಲ್ ಬಂದಾಗ ಪದ್ಮಾಕ್ಷಿಯ ಸುದ್ದಿ ಕೇಳಿದೆ. ಅವರ ಮನೆಯಿಂದ ನಾಲ್ಕು ಮನೆ ಆಚೆಯಂತೆ. ‘ಇದ್ದಾರೆ, ಆದರೆ ಕೆಮ್ಮು ರಸ್ತೆಗೆ ಕೇಳ್ತದೆ’ ಎಂದ.

ಯಾರ ಕಾಲಾದರೂ ಹಿಡಿ, ಬಂದುಬಿಡು. ನಿಝಾಮ ಮಗುವನ್ನು ತಡವಾಗಿ ನೋಡಲಿ. ತಡವಾದರೂ ಅದು ಅವನದ್ದಾಗಿ ಇರಬೇಕು.

ನಿನ್ನ ಉಮ್ಮ


ಶಾರ್ಜಾ
20-4-1998

ಬೀಪಾತುಮ್ಮ ಅವರಿಗೆ ಜುಲೈಕಾ ಮಾಡುವ ಸಲಾಂ.

ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಇದನ್ನು ತರುತ್ತಿರುವವಳು ನಿಮ್ಮ ಮಗಳೇ. ಒಳಗೆ ಏನುಂಟು ಎಂದು ಅವಳಿಗೆ ಗೊತ್ತಿಲ್ಲ.

ಖಲೀಲ್ ಕೊಟ್ಟ ಲಕೋಟೆಯ ಮೇಲೆ ನನ್ನ ಹೆಸರಿತ್ತು, ಒಡೆದೆ. ಮೊದಲ ಸಾಲಿನಲ್ಲೇ ನನಗಲ್ಲ ಎಂದು ತಿಳಿಯಿತು. ಆದರೂ ಕೊನೆಯ ತನಕ ಓದಿದೆ, ಆಮೇಲೆ ಅವಳಿಗೆ ಕೊಡಲಿಲ್ಲ. ಎರಡೂ ತಪ್ಪೇ.

‘ಅವಳು ನನ್ನಷ್ಟೇ ಒಳ್ಳೆಯವಳು’ ಎಂದು ನೀವು ಬರೆದಿದ್ದೀರಿ. ಓದಿದಾಗ ಪತ್ರ ಹರಿದುಹಾಕುವಷ್ಟು ಸಿಟ್ಟು ಬಂತು. ಎರಡು ದಿನ ಜಸೀಲಾಳ ಮುಖವನ್ನೂ ನೋಡಲಿಲ್ಲ. ಮೂರನೇ ದಿನ ಅಂಗಿಗೆ ಗುಂಡಿ ಹೊಲಿಯುವಾಗ ಒಂದು ಲೆಕ್ಕ ಹಾಕುತ್ತಿದ್ದೆ. ಮಗುವಿಗೆ ಎಷ್ಟು ತಿಂಗಳಾಗುವಾಗ ಅರಬಿ ಇವಳನ್ನು ಊರಿಗೆ ಕಳಿಸಬಹುದು ಎಂಬ ಲೆಕ್ಕ. ಸೂಜಿ ಅಲ್ಲೇ ಇಟ್ಟೆ. ನೀವು ಬರೆದದ್ದು ನಿಜ, ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಅವತ್ತೇ ನನ್ನ ನಾಲ್ಕು ಬಳೆ ಮಾರಿದೆ. ಟಿಕೆಟ್ ಮುಂಬಯಿಗೆ, ಅಲ್ಲಿಂದ ಮಂಗಳೂರಿನ ಬಜ್ಪೆಗೂ ವಿಮಾನವೇ. ಬಸ್ಸಿನಲ್ಲಿ ಕುಲುಕಾಡುವುದು ಬೇಡ. ಮನೆಯವರು ಕೂಗಾಡಿದರು. ‘ಕಾರ್ಡು ನನ್ನದು, ನಾನು ಕೊಡುವುದಿಲ್ಲ’ ಎಂದೆ. ಎಂಟು ವರ್ಷದಲ್ಲಿ ಅವರ ಎದುರು ನಾನು ಆಡಿದ ದೊಡ್ಡ ಮಾತು ಅದು. ನಿಝಾಮ್ ಮರುದಿನ ಅಂಗಡಿಯಿಂದ ಒಂದು ಸಣ್ಣ ಕ್ಯಾಮೆರಾ ತಂದು ಅವಳ ಚೀಲದಲ್ಲಿ ಇಟ್ಟರು, ಹುಟ್ಟಿದ ದಿನವೇ ಫೋಟೋ ತೆಗೆದು ಕಳಿಸಬೇಕಂತೆ.

ವಿಮಾನದ ಚೀಟಿಗೆಂದು ಒಬ್ಬ ಮಲಯಾಳಿ ಡಾಕ್ಟರಮ್ಮನ ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅವರು ವೀಸಾ ಕೇಳಲಿಲ್ಲ, ಪಾಸ್‌ಪೋರ್ಟು ನೋಡಿ ಹೆಸರು ಬರೆದುಕೊಂಡರು. ಇಂಜೆಕ್ಷನ್ನಿನ ಮಾತು ನಾನೇ ಬಿಡಿಸಿ ಹೇಳಿದೆ. ಪರೀಕ್ಷೆ ಮಾಡಿ, ಇನ್ನು ಬೇಡ, ಮಗು ಸರಿಯಾಗಿಯೇ ಉಂಟು ಎಂದರು. ಒಂದು ವಿಷಯ ನಿಮಗೆ ಹೇಳಲೇಬೇಕು. ಹೊರಗೆ ಕಾಯುವಾಗ ಅವರು ‘ಜಸೀಲಾ’ ಎಂದು ಎರಡು ಸಲ ಕೂಗಿದರು. ನಿಮ್ಮ ಮಗಳು ಏಳಲಿಲ್ಲ. ನಾನು ತೋಳು ಮುಟ್ಟಿ, ‘ನೀನೇ ಮಾರಾಯ್ತಿ, ನಿನ್ನನ್ನೇ ಕರೆಯುವುದು’ ಎಂದೆ. ಅವಳು ಅಲ್ಲೇ ಕೂತು ಅತ್ತಳು. ನಾನೂ ಅತ್ತೆ.

ಆ ದೊಡ್ಡ ಆಸ್ಪತ್ರೆಗೆ ಇನ್ನು ನಾವು ಹೋಗುವುದಿಲ್ಲ. ಅಲ್ಲಿಯ ಕಡತದಲ್ಲಿ ಜುಲೈಕಾ ಈಗಲೂ ಏಳು ತಿಂಗಳ ಬಸುರಿ. ಅದನ್ನು ಯಾರೂ ತೆಗೆದು ತಿದ್ದುವುದಿಲ್ಲ. ಅಷ್ಟು ನನಗಿರಲಿ.

ನಾನು ನನ್ನದಲ್ಲದ್ದನ್ನು ಬಿಟ್ಟುಕೊಟ್ಟಿದ್ದೇನೆ. ಮಡಂತ್ಯಾರು ನಿಮಗೆ ದೂರವಲ್ಲ.

ಇಂತಿ
ಜುಲೈಕಾ


ನರಿಕೊಂಬು
12-7-1998

ಮಗಳು ಜುಲೈಕಾಳಿಗೆ,

ಹೆಣ್ಣು ಮಗು ಹುಟ್ಟಿದ ಸುದ್ದಿಯನ್ನು ನಿಝಾಮನಿಗೆ ಫೋನಿನಲ್ಲಿ ಹೇಳಿದೆವು, ನಿನಗೆ ಮುಟ್ಟಿರಬಹುದು. ಬಂಟ್ವಾಳದ ಆಸ್ಪತ್ರೆಯಲ್ಲಿ ಜೂನ್ ಇಪ್ಪತ್ತೊಂಬತ್ತಕ್ಕೆ, ಮಳೆಯಲ್ಲಿ. ಹೊಳೆ ತುಂಬಿ ತೋಟದ ತನಕ ನೀರು ಬಂದಿತ್ತು, ರಿಕ್ಷಾದವನು ಗೊಣಗುತ್ತಲೇ ಬಂದ. ಜನನದ ಅರ್ಜಿಯನ್ನು ಗುಮಾಸ್ತ ಬರೆಯುವ ಎಂದ, ನಾನು ಬಿಡಲಿಲ್ಲ. ತಾಯಿಯ ಹೆಸರನ್ನು ನನ್ನ ಕೈಯಿಂದಲೇ ಬರೆದೆ. ಮಗುವಿಗೆ ಫಿದಾ ಎಂದೇ ಇಟ್ಟಿದ್ದೇವೆ. ಜಸೀಲಾ ಬೇರೆ ಹೆಸರು ಕೇಳಲೇ ಇಲ್ಲ. ಈ ಲಕೋಟೆಯಲ್ಲಿ ಎರಡು ಫೋಟೋ ಉಂಟು, ಒಂದು ನಿಝಾಮನಿಗೆ, ಒಂದು ನಿನಗೆ.

ನಿನ್ನ ಪತ್ರ ಓದಿದಾಗ, ನನಗಿಂತ ಇಷ್ಟು ಚಿಕ್ಕವಳು ನನಗೆ ಬುದ್ಧಿ ಹೇಳುವುದಾ ಎಂದು ಮೊದಲು ಸಿಟ್ಟು ಬಂತು. ಸುಮಾರು ಎರಡು ತಿಂಗಳು ಮಡಂತ್ಯಾರಿಗೆ ಹೋಗದಿರಲು ಕಾರಣ ಹುಡುಕಿದೆ. ಜಸೀಲಾಳ ಹೊಟ್ಟೆಯೇ ಒಂದು ಕಾರಣವಾಯಿತು. ಕೊನೆಗೆ ಹೆರಿಗೆಗೆ ಹತ್ತು ದಿನ ಇರುವಾಗ ಬಸ್ಸು ಹತ್ತಿದೆ.

ಪದ್ಮಾಕ್ಷಿ ಚಾವಡಿಯಲ್ಲಿ ಮಲಗಿದ್ದಳು. ಅರ್ಧಕ್ಕರ್ಧ ಇಳಿದಿದ್ದಾಳೆ. ನನ್ನನ್ನು ನೋಡಿ ‘ಮಗಳ ಮದುವೆಗೆ ಕರೆಯಲಿಲ್ಲ ನೀನು’ ಎಂದಳು. ಬರೆದು ತಂದ ಕಾಗದ ಕೊಟ್ಟೆ. ‘ನನಗೆ ಓದಲು ಬರುವುದಿಲ್ಲ, ನೀನೇ ಓದು’ ಎಂದಳು. ಮಾಯಿಲಪ್ಪ, ಅವನ ಹೆಂಡತಿ, ಎಲ್ಲರ ಎದುರು ನಿಂತು ಓದಿದೆ. ಹನ್ನೆರಡು ವರ್ಷ ಇವಳು ನನ್ನ ಕಾರ್ಡಿನಲ್ಲಿ ಬೀಡಿ ಕಟ್ಟಿದ್ದಾಳೆ, ನಾನು ಅದನ್ನು ಮುಚ್ಚಿಟ್ಟೆ ಎಂದು. ಕ್ಷಮಿಸು ಎಂದೆ. ಅವಳು ‘ಹದಿಮೂರು’ ಎಂದಳು. ‘ನಿನ್ನ ಮಗಳಿಗೆ ನಾಲ್ಕನೇ ಕ್ಲಾಸಿಗೆ ಜ್ವರ ಬಂದ ವರ್ಷ ನೀನು ಆಸ್ಪತ್ರೆಯಲ್ಲೇ ಇದ್ದೆ. ಆ ವರ್ಷ ಕಟ್ಟಿದ್ದೆಲ್ಲ ನಾನೊಬ್ಬಳೇ. ಅದನ್ನೂ ಸೇರಿಸು.’ ಅಲ್ಲೇ ಕೂತು ತಿದ್ದಿ ಸಹಿ ಹಾಕಿದೆ.

ಕಾಗದ ಮಂಗಳೂರಿನ ಬೀಡಿ ದವಾಖಾನೆಗೆ ಹೋಗಿದೆ. ಅವಳಿಗೆ ಮದ್ದು ಸಿಗುತ್ತದೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಬ್ರಾಂಚಿನವರು ನನ್ನ ಕಾರ್ಡು ತೆಗೆದುಕೊಂಡರು. ಆಚೆಮನೆಯವರು ತಮ್ಮ ಕಾರ್ಡಿನಲ್ಲಿ ಕಟ್ಟು ಎಂದು ಕರೆದರು, ಬೇಡ ಎಂದೆ. ಈಗ ಬರೀ ಬಾಣಂತಿಯ ಕೆಲಸ.

ಇನ್ನು ಒಂದೇ ಮಾತು ಉಳಿದಿದೆ. ಜಸೀಲಾಳಿಗೆ ಬಾಣಂತಿ ಮದ್ದು ಕಾಯಿಸುವಾಗ ನಿನ್ನ ನೆನಪಾಯಿತು. ತಾಳೆಯ ಓಲೆಬೆಲ್ಲ, ಮೆಂತೆ, ಬೆಳ್ಳುಳ್ಳಿ, ತೆಂಗಿನ ಹಾಲು, ತುಪ್ಪ, ಮೂರು ಗಂಟೆ ಕೈ ಬಿಡದೆ ಮಗುಚಬೇಕು. ಐದು ತಿಂಗಳಲ್ಲಿ ಹೋದರೂ ಮೈ ಬಾಣಂತಿಯದೇ. ಎರಡು ಸಲ ನಿನಗೆ ಯಾರೂ ಇದನ್ನು ಮಾಡಿಕೊಡಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ನೀನು ಹೇಳಲಿಲ್ಲ.

ಖಲೀಲನ ತಮ್ಮನ ಕೈಯಲ್ಲಿ ಎರಡು ಡಬ್ಬ ಕಳಿಸಿದ್ದೇನೆ. ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಚಮಚ. ಮೇಲೆ ತಣ್ಣೀರು ಕುಡಿಯಬೇಡ. ಒಂದು ಡಬ್ಬ ಮುಗಿದ ಮೇಲೆ ಇನ್ನೊಂದು ತೆರೆ. ಮುಚ್ಚಳದ ಮೇಲೆ ನಿನ್ನ ಹೆಸರು ಬರೆದಿದ್ದೇನೆ, ಈ ಸಲ ಒಳಗಿನದ್ದೂ ನಿನಗೇ.

ನಿನ್ನ
ಬೀಪಾತುಮ್ಮ